ಎದೆಯ ತಳದ ಧೂಳು

ಯಾರೇ ಕೆಮ್ಮಲಿ, ಉಚ್ಚೆಂಗಮ್ಮನ ಕಿವಿ ನೆಟ್ಟಗಾಗುತ್ತಿತ್ತು. ಕೆಮ್ಮಿದವರು ಕೇಳಲಿ ಬಿಡಲಿ, ಅವಳು ಔಷಧ ಹೇಳಿಯೇ ಮುಂದೆ ಹೋಗುವವಳು. ಒಣಕೆಮ್ಮಾದರೆ ಸುಟ್ಟ ಲವಂಗ ದವಡೆಗಿಟ್ಟುಕೋ, ಕಫವಾದರೆ ವೀಳ್ಯದೆಲೆಯೊಳಗೆ ಮೆಣಸಿಟ್ಟು ಅಗಿ, ಕೂಸಿಗಾದರೆ ದೊಡ್ಡಪತ್ರೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅವಳ ಹಿತ್ತಲಿನ ಮಟ್ಟಿಗೆ ಆ ಮಾತು ನಡೆಯುತ್ತಿರಲಿಲ್ಲ. ಸಂಡೂರಿನ ಗುಡ್ಡದ ಬುಡದ ಆ ಊರಲ್ಲಿ ಕೆಮ್ಮಿಗೇನು ಬರವೇ? ಅದಿರು ಹೊತ್ತ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಮಾಳಿಗೆಯ ಮೇಲೆ, ಬೇವಿನ ಮರದ ಮೇಲೆ, ಒಣಹಾಕಿದ ಹಪ್ಪಳದ ಮೇಲೆ ಕೂತು, ಉಳಿದದ್ದು ಜನರ ಎದೆಯೊಳಗೆ ಹೋಗುತ್ತಿತ್ತು. ಊರಿಗೆ ಊರೇ ಕೆಮ್ಮುತ್ತಿತ್ತು, ಉಚ್ಚೆಂಗಮ್ಮನಿಗೆ ಕೈತುಂಬ ಕೆಲಸ.

ಅಂಥವಳ ಗಂಡನ ಕೆಮ್ಮೇ ಅವಳ ಮಾತು ಕೇಳಲಿಲ್ಲ.

ಗಂಡ ಓಬಳೇಶ ಅದಿರು ಜರಡಿ ಹಿಡಿಯುವ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. ಕಬ್ಬಿಣದಂಥ ಆಳು. ಪಾಳಿ ಮುಗಿಸಿ ಬಂದರೆ ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಕೆಂಪು, ಉಗುಳಿದರೂ ಕೆಂಪು. ಅದಕ್ಕೆ ಅಲ್ಲಿ ಯಾರೂ ಹೆದರುವುದಿಲ್ಲ. ಪಾಳಿ ಬಿಟ್ಟವರು ಬಾಗಿಲಲ್ಲೇ ಕೂತು ಒಂದು ಹೆಂಟೆ ಬೆಲ್ಲ ತಿನ್ನುತ್ತಾರೆ, ಬೆಲ್ಲ ಧೂಳನ್ನು ಹಿಡಿದುಕೊಂಡು ಕೆಳಗಿಳಿಸುತ್ತದೆ ಎಂದು ನಂಬುತ್ತಾರೆ. ಇಳಿಯದೆ ಮೇಲೆ ಬಂದ ಧೂಳು ಕಫದಲ್ಲಿ ಕೆಂಪಗೆ ಹೊರಗೆ ಬೀಳುತ್ತದೆ. ಬಿದ್ದಷ್ಟೂ ಒಳ್ಳೆಯದು. ಕೆಂಪಗೆ ಉಗುಳಿದವನನ್ನು ನೋಡಿ 'ಎದಿ ಹಗುರ ಆತ್ ನೋಡು' ಎಂದು ನಗುವ ಊರದು.

ಮಳೆಗಾಲ ಕಳೆದರೂ ಓಬಳೇಶನ ಕೆಮ್ಮು ನಿಲ್ಲಲಿಲ್ಲ. ಉಚ್ಚೆಂಗಮ್ಮ ತನಗೆ ಗೊತ್ತಿದ್ದದ್ದನ್ನೆಲ್ಲ ಕೊಟ್ಟಳು. ಅಜವಾನವನ್ನು ಬಟ್ಟೆಯಲ್ಲಿ ಕಟ್ಟಿ ಎದೆಗೆ ಶಾಖ ಕೊಟ್ಟಳು, ಉಳ್ಳಾಗಡ್ಡಿ ಸುಟ್ಟು ರಸ ಹಿಂಡಿದಳು, ಒಣಶುಂಠಿಗೆ ಜೇನು ಬೆರೆಸಿ ನೆಕ್ಕಿಸಿದಳು. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ಗಾದೆ. ಆದರೆ ಆಡುಸೋಗೆಯ ಕಹಿಗೆ ಆಡೂ ಮೂತಿ ತಿರುಗಿಸುತ್ತದೆ. ಓಬಳೇಶ ಅದರ ಕಷಾಯವನ್ನೂ ಕಣ್ಣುಮುಚ್ಚಿ ಕುಡಿದ. ಹೆಂಡತಿ ಲೋಟ ಹಿಡಿದು ನಿಂತರೆ ಅವನು ಎಂದೂ ಬೇಡ ಅಂದವನಲ್ಲ. ಕುಡಿದು, ಬಾಯಿ ಒರೆಸಿಕೊಂಡು, 'ಹಗುರಾತು' ಅನ್ನುತ್ತಿದ್ದ. ಅಂದ ಅರೆಗಳಿಗೆಗೆ ಮತ್ತೆ ಕೆಮ್ಮುತ್ತಿದ್ದ.

ಉಚ್ಚೆಂಗಮ್ಮನಿಗೆ ನಗು ಬತ್ತಿಹೋಯಿತು. ಒಲೆಯ ಮುಂದಿದ್ದರೂ ಕಿವಿ ಅವನ ಎದೆಯ ಮೇಲೆಯೇ. ಅವನು ಕೆಮ್ಮಿದರೆ ಯಾಕೆ ಕೆಮ್ಮಿದ ಎಂಬ ದಿಗಿಲು, ಸುಮ್ಮನಿದ್ದರೆ ಯಾಕೆ ಸುಮ್ಮನಾದ ಎಂಬ ದಿಗಿಲು. ದವಾಖಾನೆಯ ಮಾತನ್ನು ಒಮ್ಮೆ ಓಣಿಯ ಯಾರೋ ಎತ್ತಿದರು. ಓಬಳೇಶ ತಲೆ ಕೊಡವಿದ. ಅವನ ಜೊತೆಗೆ ಜರಡಿಯಲ್ಲಿದ್ದ ಅಂಜಿನಯ್ಯ ನಡೆದುಕೊಂಡು ದವಾಖಾನೆಗೆ ಹೋದವನು ಮಲಗಿಕೊಂಡು ಬಂದಿದ್ದ. ಉಚ್ಚೆಂಗಮ್ಮನೂ ಒತ್ತಾಯಿಸಲಿಲ್ಲ. ಊರಿಗೆಲ್ಲ ಕೆಮ್ಮು ಬಿಡಿಸಿದವಳು ಗಂಡನನ್ನು ಸೂಜಿ ಚುಚ್ಚಿಸಲು ಕರೆದೊಯ್ದರೆ ಜನ ಏನಂದಾರು? ಈ ಯೋಚನೆ ಅವಳಿಗೆ ಬಂದದ್ದು ಸುಳ್ಳಲ್ಲ. ಅವಳೂ ಮನುಷ್ಯಳೇ ತಾನೇ.

ಬದಲಿಗೆ ಅವಳಿಗೆ ಇನ್ನೊಂದು ಔಷಧ ಹೊಳೆಯಿತು. ಊರು ಬದಲಿಸುವುದು.

ಬುಕ್ಕಸಾಗರದಲ್ಲಿ ಅವಳ ತಮ್ಮ ಹಂಪೇಶನ ಮನೆ. ಹೊಳೆ ಹತ್ತಿರ, ಕಾಲುವೆ ಇನ್ನೂ ಹತ್ತಿರ, ಎತ್ತ ನೋಡಿದರೂ ಭತ್ತದ ಗದ್ದೆ, ಬಾಳೆತೋಟ. ಅಲ್ಲಿ ಧೂಳೇಳಬೇಕೆಂದರೂ ಮಣ್ಣು ಒಣಗಬೇಕಲ್ಲ! ಹಸಿರು ಗಾಳಿ ಕುಡಿದರೆ ಎದೆಯ ಕೆಂಪೆಲ್ಲ ತಾನಾಗಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ದೀಪಾವಳಿ ಮುಗಿದದ್ದೇ ಗಂಡನನ್ನು ಕೆಲಸ ಬಿಡಿಸಿ ಕರೆದುಕೊಂಡು ಬಂದಳು. ಆಡುಸೋಗೆಯ ಒಂದು ಹೊರೆಯೂ ಬಸ್ಸಿನಲ್ಲಿ ಜೊತೆಗೆ ಬಂತು. ತಮ್ಮನ ಹೆಂಡತಿ ತಾಯಕ್ಕ ಹಿಂದಿನ ಕೋಣೆ ಗುಡಿಸಿ ಕೊಟ್ಟಳು.

ಉಗುಳುವುದಕ್ಕೆ ಬೂದಿ ತುಂಬಿದ ಕರಟ. ಬೆಳಿಗ್ಗೆ ಎದ್ದರೆ ಉಚ್ಚೆಂಗಮ್ಮ ಮೊದಲು ನೋಡುತ್ತಿದ್ದದ್ದು ಅದನ್ನೇ. ಬಂದ ಹೊಸದರಲ್ಲಿ ಇಟ್ಟಿಗೆಪುಡಿಯಂಥ ಕೆಂಪು ಕಾಣುತ್ತಿತ್ತು. ದಿನ ಹೋದಂತೆ ಅದು ತೆಳುವಾಯಿತು, ಕಫ ಬೆಳ್ಳಗಾಯಿತು. ಕೆಮ್ಮು ಮಾತ್ರ ಹಾಗೆಯೇ ಇತ್ತು. ಕೆಂಪು ಹೋದರೂ ಕೆಮ್ಮು ಯಾಕೆ ಹೋಗುತ್ತಿಲ್ಲ? ಅವಳಿಗೆ ಊಟ ಸೇರದಾಯಿತು.

ಎಳ್ಳಮಾಸಿ ಅಮಾವಾಸ್ಯೆಯ ಹೊತ್ತಿಗೆ ಒಂದು ಬೆಳಿಗ್ಗೆ ಕರಟದಲ್ಲಿ ಮತ್ತೆ ಕೆಂಪು ಕಂಡಿತು. ಬೂದಿಯಲ್ಲಿ ಕಲಸಿಕೊಂಡ ಗಾಢ ಕೆಂಪು. ಉಚ್ಚೆಂಗಮ್ಮ ಕರಟ ಹಿಡಿದು ಅಂಗಳಕ್ಕೆ ಓಡಿಬಂದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಮೂಡಿತ್ತು.

"ನೋಡ್ರಿ, ನೋಡ್ರಿ! ಮೇಲಿಂದೆಲ್ಲ ಹೋಗಿ ಈಗ ತಳದ್ದು ಬರಾಕತ್ತೈತಿ. ಎಷ್ಟು ವರ್ಷದ ಅದಿರು ಕುಂತಿತ್ತೋ ಏನೋ!"

ಓಬಳೇಶ ಕರಟ ನೋಡಿದ, ಹೆಂಡತಿಯ ಮುಖ ನೋಡಿದ.

"ಹೌದಲ್ಲ" ಅಂದ. "ನಿನ್ನ ಔಷಧ ಮಸ್ತ್ ಕೆಲಸ ಮಾಡಾಕತ್ತೈತಿ."

ಅಂದಿನಿಂದ ಕಷಾಯ ಇಮ್ಮಡಿಯಾಯಿತು. ಬೆಲ್ಲದ ಹೆಂಟೆ ದೊಡ್ಡದಾಯಿತು. ಕೆಂಪು ಹೆಚ್ಚಿದಷ್ಟೂ ಅವಳ ಹುರುಪು ಹೆಚ್ಚಿತು. ಕಾಲುವೆಗೆ ಬಟ್ಟೆ ಒಗೆಯಲು ಬರುವ ಹೆಂಗಸರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು. ಗದ್ದೆಯ ಊರಿನ ಆ ಹೆಂಗಸರು ಅದಿರು ಕಂಡವರಲ್ಲ, ಇರಬಹುದೆಂದು ತಲೆದೂಗಿದರು. ತಾಯಕ್ಕ ಮಾತ್ರ ತಲೆದೂಗಲಿಲ್ಲ.

"ಅಕ್ಕಾ, ಅಣ್ಣ ಭಾಳ ಇಳದು ಹೋಗ್ಯಾನ. ಸಂಜಿಕಿ ಮೈ ಮುಟ್ಟಿ ನೋಡಿಯೇನು? ಕಾವು ಇರತೈತಿ."

"ಔಷಧದ ಕಾವು ಅದು. ಆಡುಸೋಗಿ ಉಷ್ಣ."

"ದಿನಾ ಸಂಜಿಕೇನ ಉಷ್ಣ ಆಕ್ಕೈತೇನು?"

"ನಿನಗ ಗೊತ್ತಾಗಂಗಿಲ್ಲ ಬಿಡು. ನಾನು ಎಷ್ಟು ಮಂದಿ ಕೆಮ್ಮು ಬಿಡಿಸೀನಿ ಅಂತ ಸಂಡೂರಾಗ ಕೇಳು ಹೋಗು."

ಆದರೆ ತಾಯಕ್ಕನ ಮಾತು ಉಚ್ಚೆಂಗಮ್ಮನ ಒಳಗೆ ಮುಳ್ಳಿನಂತೆ ಮುರಿದುಕೊಂಡಿತು. ಅಂದು ಸಂಜೆ ಗಂಡನ ಹಣೆ ಮುಟ್ಟಿದಳು, ಬಿಸಿ ಇತ್ತು. ಮರುದಿನವೂ ಮುಟ್ಟಿದಳು, ಬಿಸಿ ಇತ್ತು. ಅವನ ಅಂಗಿ ಹೆಗಲಿನಿಂದ ಜಾರುವುದು ಈಗ ಕಣ್ಣಿಗೆ ಬಿತ್ತು. ಎದುರಿಗೇ ಇದ್ದದ್ದು ಇಷ್ಟು ದಿನ ಹೇಗೆ ಕಾಣಲಿಲ್ಲ? ಕಾಣಲಿಲ್ಲ, ಏಕೆಂದರೆ ಅವಳು ನೋಡುತ್ತಿದ್ದದ್ದು ಕರಟವನ್ನು. ಎಲ್ಲ ಸರಿಯಾಗುತ್ತದೆ, ತಳದ್ದು ಬರುತ್ತಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಸಂಜೆಯಾದರೆ ಕೈ ಮತ್ತೆ ಅವನ ಹಣೆಗೆ ಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಓಬಳೇಶನಿಗೆ ಏಳಲಾಗಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದ. ಬುಕ್ಕಸಾಗರಕ್ಕೆ ಬಂದಾಗಿನಿಂದ ತನ್ನ ಟವೆಲ್ಲನ್ನು ತಾನೇ ಕಾಲುವೆಗೆ ಒಯ್ದು ಜಾಲಿಸಿಕೊಂಡು ಬರುತ್ತಿದ್ದ. ಸುಮ್ಮನೆ ಕೂತು ಬೇಸರವಾಗುತ್ತದೆ ಅನ್ನುತ್ತಿದ್ದ. ಅಂದು ಅದು ದಿಂಬಿನ ಕೆಳಗೇ ಉಳಿದಿತ್ತು. ಉಚ್ಚೆಂಗಮ್ಮ ಅದನ್ನೂ ಬಟ್ಟೆಯ ಬುಟ್ಟಿಗೆ ಹಾಕಿಕೊಂಡು ಕಾಲುವೆಗೆ ಹೋದಳು.

ಟವೆಲ್ಲಿನ ತುಂಬ ಕೆಂಪಿತ್ತು. ಅವಳು ನಿಟ್ಟುಸಿರಿಟ್ಟಳು. ಅದಿರಿನ ಕೆಂಪು ಎಂದರೆ ಆಯಿತು, ರಟ್ಟೆ ಬಿದ್ದುಹೋಗುವ ಕೆಲಸ. ಗಂಡನ ಬಟ್ಟೆ ಒಗೆದು ಒಗೆದು ಅವಳಿಗೆ ಗೊತ್ತಿತ್ತು: ನೆನೆಹಾಕಬೇಕು, ಸೋಪು ಹಚ್ಚಬೇಕು, ಕಲ್ಲಿಗೆ ಬಡಿಯಬೇಕು, ಅಷ್ಟಾದರೂ ತುಕ್ಕಿನ ಬಣ್ಣ ನೂಲಿನೊಳಗೆ ಉಳಿದೇ ಉಳಿಯುತ್ತದೆ. ಅದಿರಿನವರ ಮನೆಯ ಹಗ್ಗದ ಮೇಲೆ ಬಿಳಿ ಬಟ್ಟೆ ಎಂಬುದೇ ಇಲ್ಲ. ಸೋಪು ಹಚ್ಚುವ ಮೊದಲು ನೆನೆಯಲಿ ಎಂದು ಟವೆಲ್ಲನ್ನು ಹರಿಯುವ ನೀರಿನಲ್ಲಿ ಬಿಟ್ಟು ಹಿಡಿದುಕೊಂಡಳು.

ಕೆಂಪು ಬಿಟ್ಟುಕೊಂಡಿತು.

ತಣ್ಣೀರಿನಲ್ಲಿ ನೂಲುನೂಲಾಗಿ ಎಳೆದುಕೊಂಡು, ತಿಳಿಯಾಗಿ, ಕಾಲುವೆಯ ಜೊತೆ ಹೊರಟುಹೋಯಿತು. ಸೋಪಿಲ್ಲ, ಬಡಿಯುವುದಿಲ್ಲ. ಮೇಲೆತ್ತಿ ನೋಡಿದರೆ ಟವೆಲ್ಲು ಹೆಚ್ಚುಕಡಿಮೆ ಬೆಳ್ಳಗಿತ್ತು. ತಣ್ಣೀರಿಗೆ ಬಿಡುವ ಕೆಂಪು ಯಾವುದು ಎಂದು ಹೆಣ್ಣಾದವಳಿಗೆ ಯಾರೂ ಕಲಿಸಿಕೊಡಬೇಕಿಲ್ಲ.

ಉಚ್ಚೆಂಗಮ್ಮ ನೀರಿನಲ್ಲೇ ಕುಸಿದು ಕೂತಳು. ಪಕ್ಕದ ಕಲ್ಲಿನಲ್ಲಿ ಒಗೆಯುತ್ತಿದ್ದವಳು "ಯಾಕಬೇ, ತಲಿ ತಿರುಗಿತೇನು?" ಎಂದು ಕೇಳಿದಳು. ರಕ್ತ. ಎಳ್ಳಮಾಸಿಯಿಂದ ಇವತ್ತಿನವರೆಗೆ ರಕ್ತ. ಅದನ್ನು ಕರಟದಲ್ಲಿ ಹಿಡಿದು ಅಂಗಳದಲ್ಲಿ ಕುಣಿದಿದ್ದಳು. ಇನ್ನಷ್ಟು ಬರಲಿ ಎಂದು ಕಷಾಯ ಹೆಚ್ಚಿಸಿದ್ದಳು, ಹೆಚ್ಚು ಬಂತೆಂದು ಊರಿಗೆಲ್ಲ ಹೇಳಿದ್ದಳು. ಗಂಡನ ಜೀವ ಹೊರಗೆ ಹರಿಯುತ್ತಿದ್ದರೆ ತಾನು ಚಪ್ಪಾಳೆ ತಟ್ಟಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ತಿಳಿದವರೇ ತಿಪ್ಪೆ ಮೇಲೆ ಬಿದ್ದ ಹಾಗೆ ಅನ್ನುತ್ತಾರಲ್ಲ, ಹಾಗಾಯಿತು. ಉಳಿದ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು ಮನೆಗೆ ಓಡಿದಳು.

ಓಬಳೇಶ ಹೇಗೋ ಎದ್ದು ಜಗಲಿಯ ಬಿಸಿಲಿಗೆ ಕೂತಿದ್ದ. ಅವಳು ಏದುಸಿರು ಬಿಡುತ್ತ ಎದುರಿಗೆ ನಿಂತಳು. ರಕ್ತ ಎಂಬ ಮಾತನ್ನು ಅವಳು ಎತ್ತಲಿಲ್ಲ. ಹೇಳಿದರೆ ಇವನು ಹೆದರಿಯೇ ಸತ್ತಾನು ಎಂಬ ಭಯ.

"ಹೊಸಪೇಟಿ ದೊಡ್ಡ ದವಾಖಾನಿಗೆ ಹೋಗೂನು, ನಡೀರಿ."

"ಯಾಕ?"

"ಒಂದು ಸಲ ತೋರಿಸಿ ಬರೂನು."

"ನಿನ್ನ ಔಷಧ ಹತ್ತೈತಿ ಅಂತ ನೀನ ಹೇಳಿದ್ದಿಯಲ್ಲ. ತಳದ್ದು ಬರಾಕತ್ತೈತಿ. ಈಗ ಯಾಕ ದವಾಖಾನಿ?"

"ನನ್ನ ಔಷಧ ಸುಳ್ಳು ಐತ್ರಿ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ಅವಳು ಅವನ ಬೆನ್ನಿನ ಎಲುಬುಗಳನ್ನು ಅಂಗೈಯಲ್ಲಿ ಹಿಡಿದು ನಿಂತಳು. ಒಳಗೆ ಹೋಗಿ, ಒಲೆಯ ಮೇಲೆ ಕುದಿಯುತ್ತಿದ್ದ ಕಷಾಯದ ಪಾತ್ರೆಯನ್ನು ತಂದು ಅವನ ಕಣ್ಣೆದುರಿಗೇ ಅಂಗಳಕ್ಕೆ ಸುರಿದಳು.

"ಇದರಾಗ ಏನೂ ಇಲ್ಲ. ಎಲಿ, ನೀರು, ಬೆಲ್ಲ. ಅಷ್ಟ. ಊರ ಮಂದಿ ಕೆಮ್ಮು ತಾನಾಗಿ ಹೋಗಿದ್ದು, ನಾನು ನಂದು ಅಂತ ಹೇಳಿಕೊಂಡೆ. ನಾಕು ದಿನದ ಕೆಮ್ಮಿಗೆ ಇದು ನಡೀತೈತಿ. ನಿಮ್ಮದಕ್ಕ ನಡಿಯಂಗಿಲ್ಲ. ನನ್ನ ಮಾತು ಕೇಳ್ರಿ."

ಸಂಡೂರಿನ ಯಾರಾದರೂ ಆ ಮಾತು ಕೇಳಿದ್ದರೆ ಬೆರಗಾಗುತ್ತಿದ್ದರು. ಓಬಳೇಶ ಚೆಲ್ಲಿದ ಕಷಾಯ ಮಣ್ಣಿಗಿಳಿಯುವುದನ್ನು ನೋಡುತ್ತ ಕೂತ.

"ಹೊಸಾದು ಕಾಯಿಸು" ಅಂದ. "ಕುಡೀತೀನಿ. ದವಾಖಾನಿ ಬ್ಯಾಡ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹಂಪೇಶ ಹೊಲದಿಂದ ಬಂದು "ಮಾವಾ, ಗಾಡಿ ಮ್ಯಾಲ ಕುಂದ್ರಸ್ಕೊಂಡು ಹೋಗ್ತೀನಿ ಬಾ" ಎಂದು ಕೈ ಹಿಡಿದು ಎಳೆದ, ತಾಯಕ್ಕ ಅತ್ತಳು. ಅವನು ಜಗ್ಗಲಿಲ್ಲ. ಉಚ್ಚೆಂಗಮ್ಮ ಮನಸ್ಸಿನಲ್ಲೇ ಹಂಪಿಯ ವಿರೂಪಾಕ್ಷನಿಂದ ಹಿಡಿದು ಸಂಡೂರಿನ ಕುಮಾರಸ್ವಾಮಿಯವರೆಗೆ ಎಲ್ಲರಿಗೂ ಕೈ ಮುಗಿದಳು. ಸಂಕಟ ಬಂದಾಗ ಮಾತ್ರ ನೆನಪಾಗುತ್ತೇವೆ ಎಂದು ಆ ದೇವರುಗಳು ಮುನಿಸಿಕೊಂಡಿರಲಿಕ್ಕಿಲ್ಲ, ಏಕೆಂದರೆ ಬೆಳಗಾಗುವುದರೊಳಗೆ ಅವಳಿಗೆ ಒಂದು ದಾರಿ ತೋಚಿತು.

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಒಲೆಯ ಮುಂದೆ ವಾಲಿದಳು.

"ಏನಾತು? ಲೇ ಉಚ್ಚೆಂಗಿ!" ಓಬಳೇಶ ಗೋಡೆ ಹಿಡಿದುಕೊಂಡು ಎದ್ದು ಬಂದ.

"ಎದಿ ಹಿಡಕೊಂಡೈತ್ರಿ. ಉಸಿರು ಆಡವಲ್ದು. ನನ್ನ ದವಾಖಾನಿಗೆ ಕರಕೊಂಡು ಹೋಗ್ರಿ."

ತನಗಾಗಿ ಹೊಸ್ತಿಲು ದಾಟದ ಗಂಡಸು ಹೆಂಡತಿಗಾಗಿ ಅಂಗಿ ತೊಟ್ಟುಕೊಂಡ. ಗುಂಡಿ ಸರಿಯಾಗಿ ಹಾಕಲೂ ಅವನ ಕೈಗೆ ಪುರುಸೊತ್ತಿರಲಿಲ್ಲ. ಹಂಪೇಶ ಗಾಡಿ ತರಲು ಹೊರಟರೆ ಅಕ್ಕ ಕಣ್ಣು ಮಿಟುಕಿಸಿದಳು. ಬೈಕಿನ ಹಿಂದೆ ಅವಳೊಬ್ಬಳೇ ಹೋದರೆ ಕೆಲಸ ಕೆಡುತ್ತದೆ ಎಂದು ಅರ್ಥವಾಗಿ ಅವನು ಅಲ್ಲೇ ನಿಂತ. ಕಂಪ್ಲಿಯಿಂದ ಬಂದ ಬಸ್ಸಿನಲ್ಲಿ ಗಂಡ ಹೆಂಡತಿ ಕೂತರು. ಕಮಲಾಪುರ ದಾಟುವವರೆಗೂ ಓಬಳೇಶ ಅವಳ ಕೈ ಬಿಡಲಿಲ್ಲ. "ನೋವು ಹೆಂಗೈತಿ? ಇನ್ನ ಸ್ವಲ್ಪ ದೂರ, ತಡಕೋ" ಅನ್ನುತ್ತಿದ್ದ, ಅಂದಾಗಲೆಲ್ಲ ಕೆಮ್ಮುತ್ತಿದ್ದ. ಮುಂದಿನ ಸೀಟಿನವರು ತಿರುಗಿ ನೋಡಿ ಕಿಟಕಿ ತೆರೆದರು. ಉಚ್ಚೆಂಗಮ್ಮನಿಗೆ ಸುಳ್ಳಿನ ನೋವು ಹೋಗಿ ನಿಜವಾದ ನೋವೇ ಬಂದಿತ್ತು. ದಾರಿಯಲ್ಲೇ ಇವನಿಗೆ ಏನಾದರೂ ಆದರೆ? ಬಸ್ಸು ಎಲ್ಲಾದರೂ ನಿಂತರೆ ಸಾಕು, ಡ್ರೈವರನನ್ನು ಒಳಗೊಳಗೇ ಬೈಯುತ್ತಿದ್ದಳು.

ದವಾಖಾನೆಯ ಚೀಟಿ ಬರೆಯುವ ಕಿಂಡಿಯಲ್ಲಿ ಪೇಷಂಟಿನ ಹೆಸರು ಕೇಳಿದರು.

"ಓಬಳೇಶ" ಅಂದಳು ಉಚ್ಚೆಂಗಮ್ಮ. ಗಂಡನ ಹೆಸರನ್ನು ತನ್ನ ಬಾಯಿಂದ ಹೇಳಿದ್ದು ಅವಳಿಗೇ ಹೊಸದು.

ಓಬಳೇಶ ಸಿಟ್ಟಾಗುತ್ತಾನೆ, ತಿರುಗಿ ಹೋಗುತ್ತಾನೆ ಎಂದುಕೊಂಡಿದ್ದಳು. ಅವನು ಅವಳತ್ತ ಒಮ್ಮೆ ನೋಡಿ ಬೆಂಚಿನ ಮೇಲೆ ಕೂತುಬಿಟ್ಟ. ಕಫ ಕೊಡೆಂದರೆ ಕೊಟ್ಟ, ಎದೆಯ ಫೋಟೋಕ್ಕೆ ನಿಲ್ಲೆಂದರೆ ನಿಂತ. ಬೆಳಿಗ್ಗೆ ಹೋದವರನ್ನು ಮಧ್ಯಾಹ್ನ ಇಳಿದ ಮೇಲೆ ಡಾಕ್ಟರು ಒಳಗೆ ಕರೆದರು. ಮಗಳ ವಯಸ್ಸಿನ ಹುಡುಗಿ. ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಟಿ.ಬಿ. ಇದೆ. ಮೊದಲೇ ಧೂಳು ತುಂಬಿದ ಎದೆ, ಅದರ ಮೇಲೆ ಇದು ಕೂತಿದೆ. ಕಫದಲ್ಲಿ ರಕ್ತ ಯಾವಾಗಿಂದ ಬರ್ತಿದೆ?"

"ಎಳ್ಳಮಾಸಿಯಿಂದ್ರಿ ಮೇಡಂ" ಎಂದು ಉಚ್ಚೆಂಗಮ್ಮ ತಪ್ಪೊಪ್ಪಿಕೊಳ್ಳುವವಳಂತೆ ಬಾಯಿ ತೆರೆದಳು. "ನನಗ ತಿಳೀಲಿಲ್ರಿ. ಅದಿರು ಅಂದ್ಕೊಂಡು..."

"ದಸರಾದಿಂದ" ಅಂದ ಓಬಳೇಶ.

ಡಾಕ್ಟರ್ ಹುಡುಗಿ ಬರೆದುಕೊಂಡಳು. ಉಚ್ಚೆಂಗಮ್ಮ ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ಗುಳಿಗೆ ಶುರು ಮಾಡೋಣ. ತಿಂಗಳುಗಟ್ಟಲೆ ತಗೋಬೇಕು, ಒಂದು ದಿನಾನೂ ಬಿಡಬಾರದು. ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೊಳ್ಳಿ. ಒಂದು ಕಡೆ ಎದೆ ಬಹಳ ಹಾಳಾಗಿದೆ. ದಸರಾದಲ್ಲೇ ಬಂದಿದ್ದರೆ ಇಷ್ಟಾಗ್ತಿರಲಿಲ್ಲ." ಅವಳು ಪೆನ್ನು ಕೆಳಗಿಟ್ಟಳು. "ವಾಸಿಯಾಗತ್ತೆ ಅಂತಾನೇ ಔಷಧ ಕೊಡೋದು. ಆದರೆ ಖಾತ್ರಿ ಮಾತು ಇವತ್ತು ಹೇಳೋಕೆ ಆಗಲ್ಲ. ಹೊರಗೆ ಕೂತಿರಿ, ಗುಳಿಗೆ ಕೊಡೋವಾಗ ಕೂಗ್ತಾರೆ."

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಉಚ್ಚೆಂಗಮ್ಮ ಚೀಟಿಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು.

"ನಿಮಗ ಗೊತ್ತಿತ್ತು."

"ಹೂಂ."

"ಸಂಡೂರಾಗ ಇದ್ದಾಗಿಂದ ಗೊತ್ತಿತ್ತು."

"ಧೂಳು ಬಾಯಾಗ ಕರಕರ ಅಂತೈತಿ. ಇದು ಬೆಚ್ಚಗ ಬರತಿತ್ತು. ಟವೆಲ್ಲಿನಾಗ ಉಗುಳಿ ಕಾಲುವಿಗೆ ಒಯ್ದು ತೊಳಕೊಂಡು ಬರತಿದ್ದೆ. ಅಂಜಿನಯ್ಯಗೂ ಹಿಂಗ ಬಂದಿತ್ತು, ಪಾಳಿ ಮ್ಯಾಲ ನನ್ನ ಮುಂದ ಹೇಳಿದ್ದ." ಓಬಳೇಶ ಉಸಿರು ಸುಧಾರಿಸಿಕೊಂಡ. "ನಿನಗ ಹೇಳಬೇಕು ಅಂತ ದಿನಾ ಅಂದ್ಕೊಳ್ಳಾಂವ. ಆದ್ರ ಅವತ್ತ ನೀನು ಕರಟ ಹಿಡಕೊಂಡು ನಕ್ಕೋತ ಬಂದಿ ನೋಡು. ನೀ ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತು! ಹೆಂಗ ಹೇಳ್ಲಿ? ನೀ ಅಷ್ಟು ಗಟ್ಟಿಯಾಗಿ ಹೇಳಿದಿ, ಧೂಳೇ ಇರಬೇಕೇನೋ ಅಂತ ನನಗೂ ಅನಿಸಿತು."

ಉಚ್ಚೆಂಗಮ್ಮನೊಳಗೆ ಏನೋ ಹರಿದುಹೋಯಿತು. ಇಷ್ಟು ಹೊತ್ತು ತನ್ನನ್ನು ತಾನು ತಿನ್ನುತ್ತಿದ್ದ ತಪ್ಪಿನ ಭಾರವೆಲ್ಲ ಸಿಟ್ಟಾಗಿ ತಿರುಗಿಬಿತ್ತು. ಸಾಲುಬೆಂಚಿನ ಜನ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಗಂಡನ ಅಂಗಿಯ ಎದೆ ಹಿಡಿದು ಜಗ್ಗಿದಳು.

"ಸಾಯಾಕ ಧೈರ್ಯ ಇತ್ತು ನಿನಗ, ನನಗ ಹೇಳಾಕ ಇರಲಿಲ್ಲೇನು? ನಾ ನಗಬೇಕಂತ ನೀ ಸಾಯಾಂವ ಇದ್ದೇನು? ಆಮ್ಯಾಲ ಯಾರ ಮುಂದ ನಗಲೋ ನಾನು?"

ಓಬಳೇಶ ಅವಳ ಕೈ ಬಿಡಿಸಲಿಲ್ಲ.

"ಧೈರ್ಯ ಎಲ್ಲಿಂದು" ಅಂದ. "ಉಚ್ಚೆಂಗೀ, ನನಗ ಸಾಯಾಕ ಭಾಳ ಅಂಜಿಕಿ ಆಗತೈತಿ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತನ್ನು ಅವನು ಆಡಿದ್ದು ಇದೇ ಮೊದಲು. ಹಿಡಿದ ಅಂಗಿಯನ್ನು ಉಚ್ಚೆಂಗಮ್ಮ ಮೆಲ್ಲಗೆ ಬಿಟ್ಟಳು. ಬೆಳಿಗ್ಗೆ ಅವಸರದಲ್ಲಿ ಅವನು ತಪ್ಪಾಗಿ ಹಾಕಿಕೊಂಡಿದ್ದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದಳು.

"ನನಗೂ ಅಂಜಿಕಿನ ಐತ್ರಿ" ಅಂದಳು.

ಒಳಗಿನಿಂದ ಅವನ ಹೆಸರು ಕೂಗಿದರು. ಓಬಳೇಶನಿಗೆ ಒಬ್ಬನಿಗೇ ಏಳಲಾಗಲಿಲ್ಲ. ಅವಳ ಹೆಗಲು ಹಿಡಿದುಕೊಂಡು ಎದ್ದ. ಇಬ್ಬರೂ ನಿಧಾನವಾಗಿ ಗುಳಿಗೆ ಕೊಡುವ ಕಿಂಡಿಯ ಕಡೆ ನಡೆದರು.